ಹೂಮಳೆ ಎಲ್ಲಿ ಬಂತು

ಸರ್ದಾರ್ ಸಾಬರು ನನ್ನನ್ನು ಕೆಲಸದಿಂದ ತೆಗೆದರು ಎಂದು ಆಲ್ದೂರಿನಲ್ಲಿ ಯಾರಾದರೂ ಹೇಳಿದರೆ ಅದು ಸುಳ್ಳು. ನಾನೇ ಕುರ್ಚಿ ಬಿಟ್ಟು ಬಂದೆ, ಕೆಲಸ ಬಿಡಲಿಲ್ಲ.

ಅವರ ಟ್ರಾವೆಲ್ಸ್ ಆಫೀಸು ಇರುವುದು ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ. ಒಳಗೆ ಒಂದು ಮೇಜು, ಒಂದು ಕುರ್ಚಿ. ಹೊರಗೆ ಹಲಗೆಯ ಬೆಂಚು. ಹೋಂಸ್ಟೇ ರೂಮು, ಗುಡ್ಡ ಹತ್ತುವ ಜೀಪು, ಬಸ್ಸಿನ ಟಿಕೆಟ್ಟು ಎಲ್ಲವನ್ನೂ ಆ ಕುರ್ಚಿಯಲ್ಲಿ ಕೂತು ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೆ. ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕಂಡಕ್ಟರುಗಳು, ಡ್ರೈವರುಗಳು. ಬೀಡಿ ಹೊಗೆ, ಎಲೆಅಡಿಕೆ, ಬಾಯಿ ಮುಚ್ಚದ ಹರಟೆ. ಒಂದು ದಿನ ನನಗೆ ರೇಗಿಹೋಯಿತು.

“ಫೋನಲ್ಲಿ ಆಗೋ ಕೆಲ್ಸಕ್ಕೆ ನಾನ್ಯಾಕ್ ಸಾಬ್ರೇ ಇಲ್ಲಿ ಬಂದು ಇವ್ರ ಹೊಗೆ ಕುಡೀಬೇಕು? ಮನೆಯಿಂದ್ಲೇ ಮಾಡ್ತೀನಿ. ಬೇಕಾದಾಗ ಏಳ್ತೀನಿ, ಬೇಕಾದಾಗ ಮಾಡ್ತೀನಿ.”

ಸಾಬರು ಕನ್ನಡಕ ಒರೆಸಿಕೊಂಡರು. “ಮಾಡಿ ಭಾಗಮ್ಮ, ಬೇಡ ಅಂದೋರ್ಯಾರು? ಆದ್ರೆ ಮನೇಲಿ ಕೂತ್ರೆ ಊರ್ ಕಡೆ ಏನಾಗ್ತಿದೆ ಅಂತ ಗೊತ್ತಾಗಲ್ಲ.”

“ಊರು ಕಟ್ಕೊಂಡು ನನಗೇನಾಗ್ಬೇಕು?”

ಬೆಂಚಿನಿಂದ ಕಳಸ ಬಸ್ಸಿನ ಕಂಡಕ್ಟರ್ ದೇವರಾಜ ಕೂಗಿದ. “ಹೋಗ್ಲಿ ಬಿಡಿ ಸಾಬ್ರೇ, ನಮ್ಗೂ ಸ್ವಲ್ಪ ಕಿವಿ ತಂಪಾಗ್ಲಿ!” ಎಲ್ಲರೂ ನಕ್ಕರು. ಫೋನು, ಚಾರ್ಜರು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ನನ್ನ ಮನೆ ಊರಾಚೆ, ಒಂದು ಎಸ್ಟೇಟಿನ ಬೇಲಿಗೆ ತಾಗಿದಂತಿದೆ. ತಗಡಿನ ಮಾಡು, ಎರಡು ಕೋಣೆ. ಅಮ್ಮ ತೀರಿಕೊಂಡ ಮೇಲೆ ನಾನೊಬ್ಬಳೇ. ಮದುವೆ ಆಗಲಿಲ್ಲ, ಆಗಬೇಕೆಂದು ಅನ್ನಿಸಲೂ ಇಲ್ಲ. ಫೋನಿಗೆ ಸಿಗ್ನಲ್ ಸಿಗುವುದು ಅಡುಗೆಕೋಣೆಯ ಕಿಟಕಿಯಲ್ಲಿ ಮಾತ್ರ. ಅಲ್ಲೇ ಸ್ಟೂಲು ಹಾಕಿಕೊಂಡೆ. ಒಲೆಯ ಮೇಲೆ ಸಾರು, ಕಿವಿಗೆ ಫೋನು. ಮೊದಲೆರಡು ತಿಂಗಳು ರಾಣಿಯ ಹಾಗಿದ್ದೆ. ಬಸ್ಸಿಗೆ ಓಡುವುದಿಲ್ಲ, ಸೀರೆಗೆ ಇಸ್ತ್ರಿ ಇಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಆಮೇಲೆ ಯಾರ ಮುಖವೂ ಕಾಣಲಿಲ್ಲ.

ಫೋನಿನಲ್ಲಿ ಮಾತಾಡುವವರು ನನ್ನ ಹೆಸರು ಕೇಳುವುದಿಲ್ಲ. “ಹಲೋ, ಟ್ರಾವೆಲ್ಸಾ?” ಎನ್ನುತ್ತಾರೆ. ಬಿಸಿನೀರು ಬರುತ್ತಾ, ವೈಫೈ ಇದೆಯಾ, ಜಿಗಣೆ ಕಚ್ಚುತ್ತಾ. ಜಿಗಣೆ ಕಚ್ಚದೆ ಮುತ್ತು ಕೊಡುತ್ತದೆಯೇ ಎಂದು ಬಾಯಿಗೆ ಬರುತ್ತದೆ, ಒಂದೆರಡು ಸಲ ಅಂದೂ ಬಿಟ್ಟಿದ್ದೇನೆ. ಫೋನ್ ಇಟ್ಟ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಸಾಲ ಬೇಕೇ ಎಂದು ಕೇಳುವ ರೆಕಾರ್ಡು ದನಿಯ ಕರೆ ಬಂದರೆ ಅದು ತಾನಾಗಿ ಕಟ್ಟಾಗುವವರೆಗೂ ಕೇಳಿಸಿಕೊಳ್ಳತೊಡಗಿದೆ.

ಮಾರ್ಚ್ ಶುರುವಿನಲ್ಲಿ ದಾವಣಗೆರೆಯಿಂದ ಅರ್ಚನಾ ಎಂಬುವವರ ಕರೆ ಬಂತು. ಅವರ ತಾಯಿ ಸಿದ್ದಮ್ಮ ಕಳಸದಾಚೆ ಸಂಸೆಯಲ್ಲಿ, ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವರು. ಮದುವೆಯಾಗಿ ಹೋದ ಮೇಲೆ ಕಾಫಿ ಹೂ ನೋಡಿಲ್ಲ.

“ಮೂರು ವರ್ಷದಿಂದ ಬರಾಕತ್ತೀವ್ರೀ. ಒಮ್ಮೆ ಬಂದ್ರ ಹೂ ಉದುರಿರ್ತದ, ಒಮ್ಮೆ ಬಂದ್ರ ಇನ್ನೂ ಅರಳಿರಂಗಿಲ್ಲ. ಅವ್ವಗ ಮೊಣಕಾಲು ಪೂರಾ ಹೋಗ್ಯಾವ. ಇನ್ನೊಂದ್ ಸಲ ಕರ್ಕೊಂಡು ಬರಾಕ ಆಗ್ತದೋ ಇಲ್ಲೋ. ನೀವು ಖಾತ್ರಿ ದಿನ ಹೇಳಿದ್ರಷ್ಟೇ ಹೊರಡ್ತೀವಿ.”

“ಹೂಮಳೆ ಬೀಳ್ಲಿ ಮೇಡಂ, ಹೇಳ್ತೀನಿ. ನನ್ ಮಾತು ತಪ್ಪಲ್ಲ,” ಎಂದೆ.

ಬೇಸಿಗೆಯ ಮೊದಲ ಜೋರು ಮಳೆ ಬಿದ್ದು ವಾರ ಕಳೆದರೆ ಗಿಡವೆಲ್ಲ ಒಂದೇ ಬಾರಿ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಇರುತ್ತದೆ, ಅಷ್ಟೆ. ಇದು ಇಲ್ಲಿ ಮಗುವಿಗೂ ಗೊತ್ತು. ನಾಲ್ಕು ದಿನದ ಮೇಲೆ ಒಂದು ಸಂಜೆ ತಗಡು ಹಾರಿಹೋಗುವ ಹಾಗೆ ಮಳೆ ಹೊಡೆಯಿತು. ಕರೆಂಟು ಹೋಯಿತು, ಅಂಗಳದಲ್ಲಿ ನೀರು ಹರಿಯಿತು. ನಾನು ಕಿಟಕಿಯಲ್ಲಿ ನಿಂತು ದಿನ ಲೆಕ್ಕ ಹಾಕಿದೆ. ಅರ್ಚನಾಗೆ ಫೋನ್ ಮಾಡಿ ಮುಂದಿನ ಶನಿವಾರ ಸಂಸೆಗೆ ಬನ್ನಿ ಎಂದೆ. ಅಲ್ಲಿ ಹೋಂಸ್ಟೇ ಇಟ್ಟುಕೊಂಡಿರುವ ಧರ್ಮೇಶನಿಗೆ ಶನಿವಾರಕ್ಕೆ ರೂಮು ಬೇಕು ಎಂದು ಮೆಸೇಜ್ ಹಾಕಿದೆ. ಅವನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ಕೆಲಸ ಮುಗಿಯಿತು. ಸ್ಟೂಲಿನಿಂದ ಏಳಲೂ ಇಲ್ಲ ನಾನು.

ಶನಿವಾರ ಮಧ್ಯಾಹ್ನ ಅರ್ಚನಾ ಕರೆ ಮಾಡಿದರು.

“ಏನ್ರೀ ಇದು? ಇಲ್ಲಿ ಒಂದ್ ಹೂ ಇಲ್ಲ. ಎಲ್ಲಾ ಮೊಗ್ಗು, ಕಡ್ಡಿ ಇದ್ದಂಗದಾವ. ಮಳಿನೇ ಆಗಿಲ್ಲಂತ! ಅವ್ವ ಕಾರಿಂದ ಇಳೀವಲ್ಲಳು.”

“ಮಳೆ ಬಂದಿದೆ ಮೇಡಂ! ನಾನೇ ಕಣ್ಣಾರೆ ನೋಡಿದೀನಿ. ಧರ್ಮೇಶಂಗೆ ಕೊಡಿ ಫೋನು.”

ಧರ್ಮೇಶ್ ಫೋನು ತೆಗೆದುಕೊಂಡ. ನಾನು ಅವನ ಮೇಲೆ ಹಾರಿಬಿದ್ದೆ. “ಮಳೆ ಬಂದಿಲ್ಲ ಅಂತ ಒಂದ್ ಮಾತು ಹೇಳೋಕೆ ಏನಾಗಿತ್ತೋ ನಿಂಗೆ?”

“ನೀವು ರೂಮ್ ಕೇಳಿದ್ರಿ, ರೂಮ್ ಕೊಟ್ಟೆ. ಮಳೆ ಕೇಳಿದ್ರಾ?” ಎಂದ ಅವನು. “ಬಾಳೆಹೊನ್ನೂರು ದಾಟಿದ್ಮೇಲೆ ಹನಿ ಬಿದ್ದಿಲ್ಲ ಮಾರಾಯ್ತಿ. ನಿಮ್ ಕಡೆ ಮಾತ್ರ ಹೊಡ್ದಿದ್ದು. ಇಡೀ ಬಸ್‌ಸ್ಟ್ಯಾಂಡಿಗೇ ಗೊತ್ತು.”

ಬೆಂಚಿನವರು ದಿನವಿಡೀ ಕೂಗಾಡುತ್ತಿದ್ದುದೇ ಇದು. ಎಲ್ಲಿ ಮಳೆ, ಎಲ್ಲಿ ಮರ ಬಿತ್ತು, ಯಾವ ತಿರುವಿನಲ್ಲಿ ಆನೆ. ನಾನು ಯಾರನ್ನೂ ಒಂದು ದಿನವೂ ಕೇಳಿದವಳಲ್ಲ. ಬೈಯುತ್ತಾ ಕೂತಿದ್ದರೂ ಕಿವಿಗೆ ಬೀಳುತ್ತಿತ್ತು. ಇಲ್ಲಿ ನನ್ನ ತಗಡಿನ ಮೇಲೆ ಬಿದ್ದಿದ್ದನ್ನೇ ಲೋಕದ ಮಳೆ ಎಂದುಕೊಂಡಿದ್ದೆ.

ಕಿಟಕಿಯಾಚೆ ನೋಡಿದೆ. ಬೇಲಿಯ ಆ ಕಡೆ ಎಸ್ಟೇಟು ಬೆಳಿಗ್ಗೆಯಿಂದ ಬೆಳ್ಳಗೆ ನಿಂತಿತ್ತು. ಜೇನ್ನೊಣಗಳ ಸದ್ದು ಒಳಗೆ ಕೇಳುತ್ತಿತ್ತು.

ಫೋನನ್ನು ಅರ್ಚನಾಗೆ ಕೊಡಿಸಿ, “ಮೇಡಂ,” ಎಂದೆ, “ವಾಪಸ್ ಹೋಗೋವಾಗ ಬಂದ ದಾರಿ ಬಿಟ್ಟು ಆಲ್ದೂರಿನ ಮೇಲೆ ಹೋಗಿ. ನನ್ನ ಮನೆಗೆ ಬನ್ನಿ. ಹೂ ಇಲ್ಲಿದೆ.”

ಅವರು ಬೈದು ಫೋನ್ ಇಟ್ಟರು. ಬರುವುದಿಲ್ಲ ಎಂದುಕೊಂಡೆ. ಆದರೂ ಕಸ ಗುಡಿಸಿದೆ, ಹಾಲು ತಂದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ ಗೇಟಿನ ಬೀಗ ತೆಗೆಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ಕಾರು ಬಂತು. ಸಿದ್ದಮ್ಮ ಸಣ್ಣ ಆಳು, ಕೈಯಲ್ಲಿ ಕೋಲು. ಬಾಗಿಲು ತೆರೆದದ್ದೇ ಮೂಗು ಎತ್ತಿ ಗಾಳಿ ಎಳೆದುಕೊಂಡರು. ನನ್ನ ಭುಜ ಹಿಡಿದು ಬೇಲಿಯ ತನಕ ನಡೆದು, ಗೇಟು ದಾಟಿ, ಗಿಡಗಳ ನಡುವೆ ನಿಂತರು. ಒಂದು ರೆಂಬೆಯನ್ನು ಮುಖದ ಹತ್ತಿರಕ್ಕೆ ಬಗ್ಗಿಸಿಕೊಂಡರು.

“ಹೂ ಕೀಳ್ಬಾರ್ದು,” ಎಂದು ತಮಗೆ ತಾವೇ ಹೇಳಿಕೊಂಡರು. “ಮೇಸ್ತ್ರಿ ಬೈತಾನೆ.” ಆಮೇಲೆ ನನ್ನ ಕಡೆ ತಿರುಗಿದರು. “ನಿನ್ ಹೆಸ್ರೇನ್ ತಂಗಿ?”

“ಭಾಗಮ್ಮ.”

“ಸಂಸೇದಲ್ಲ ಇದು, ಭಾಗಮ್ಮ. ನಮ್ ಲೈನ್ ಹಿಂದೆ ಹಳ್ಳ ಇತ್ತು. ಹಳ್ಳದ ತಂಪಿಗೆ ಅಲ್ಲಿ ವಾಸ್ನೆ ಬೇರೆ.”

“ತಪ್ಪಾಯ್ತಮ್ಮ.”

“ತಪ್ಪೆಂತದು. ಹೂ ಹೂವೇ.” ಅಷ್ಟು ಹೇಳಿದರೂ ಕಣ್ಣು ಸಂಸೆಯ ಕಡೆಯ ಗುಡ್ಡ ಹುಡುಕುತ್ತಿತ್ತು. ಇಲ್ಲಿಂದ ಅದು ಕಾಣುವುದಿಲ್ಲ.

ಕಾಫಿ ಕುಡಿದರು. ಅರ್ಚನಾ ನನ್ನ ಜೊತೆ ಮಾತಾಡಲಿಲ್ಲ, ಆದರೆ ಲೋಟ ತೊಳೆದಿಟ್ಟರು. ನಾನು ರಾತ್ರಿ ಉಳಿದು ಹೋಗಿ ಎಂದೆ. ಅನ್ನ ಮಾಡುತ್ತೇನೆ, ಚಾಪೆ ಇದೆ ಎಂದೆ. ಎರಡನೇ ಸಲವೂ ಹೇಳಿದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

“ದೂರದ ದಾರಿ,” ಎಂದರು ಅರ್ಚನಾ. ಕಾರು ಹೊರಟಿತು.

ಭಾನುವಾರವೆಲ್ಲ ಬೇಲಿಯಾಚೆ ಹೂ ಇತ್ತು. ನೋಡಲು ನಾನೊಬ್ಬಳು. ಸೋಮವಾರ ಬೆಳಿಗ್ಗೆ ಅದು ಕಂದುತ್ತಿರುವಾಗ ಸೀರೆಗೆ ಇಸ್ತ್ರಿ ಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ನನ್ನ ಕುರ್ಚಿಯಲ್ಲಿ ಮೋನಿಕಾ ಎಂಬ ಹೊಸ ಹುಡುಗಿ ಕೂತು ಬಸ್ಸಿನ ಟಿಕೆಟ್ಟು ಬರೆಯುತ್ತಿದ್ದಳು. ಸರ್ದಾರ್ ಸಾಬರು ಹೊರಗೆ ಬಂದರು.

“ಏನ್ ಭಾಗಮ್ಮ, ದಾರಿ ತಪ್ತಾ?”

“ಕುರ್ಚಿ ಖಾಲಿ ಇಲ್ಲ ಅಂತ ಕಾಣುತ್ತೆ.”

“ಇಲ್ಲ. ಆ ಹುಡುಗಿ ಮನೇಲೂ ಕಷ್ಟ ಇದೆ, ಏಳು ಅನ್ನೋಕಾಗಲ್ಲ.” ಹಲಗೆಯ ಮೇಲಿನ ಬೀಡಿ ಬೂದಿ ಕೈಯಿಂದ ಕೊಡವಿದರು. “ಬೆಂಚಿದೆ. ಕೂತ್ಕೊಳ್ಳಿ.”

ಕೂತೆ. ಬೀಡಿ ಹೊಗೆಯಲ್ಲಿ. ಕಳಸದ ಬಸ್ಸು ಹೊರಡುವುದರಲ್ಲಿತ್ತು. ದೇವರಾಜ ನನ್ನನ್ನು ನೋಡಿ ಫುಟ್‌ಬೋರ್ಡಿನಲ್ಲೇ ನಿಂತ.

“ಭಾಗಕ್ಕಾ! ಜೀವಂತ ಇದೀರಾ?”

“ಸಂಸೇಲಿ ಮಳೆ ಬಂತೇನೋ?”

“ನಿನ್ನೆ ಸಂಜೆ ಬಂತಲ್ಲ, ಚೆನ್ನಾಗಿ ಹೊಡೀತು! ಮುಂದಿನ್ ವಾರ ನೋಡಿ ಹೂವು!”

ಇನ್ನೂ ಏನೋ ಕೇಳಬೇಕೆಂದಿದ್ದೆ. ಮಳೆಯದ್ದಲ್ಲ, ಅವನ ಮನೆಯದ್ದು, ಇಷ್ಟು ತಿಂಗಳಿನದ್ದು. ಅವನು ಸೀಟಿ ಊದಿದ, ಬಸ್ಸು ಹೋಯಿತು. ಡ್ರೈವರುಗಳು ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಗಾಡಿಗೆ ಹೋದರು. ಬೆಂಚಿನಲ್ಲಿ ನಾನೊಬ್ಬಳೇ ಉಳಿದೆ.

ಅರ್ಚನಾಗೆ ಫೋನ್ ಮಾಡಿದೆ. ಸಂಸೆಯಲ್ಲಿ ಮುಂದಿನ ವಾರ ಹೂ ಬರುತ್ತದೆ ಎಂದು ಹೇಳಬೇಕಿತ್ತು. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಎತ್ತಲಿಲ್ಲ. ಫೋನ್ ಚೀಲಕ್ಕೆ ಹಾಕುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ಗಬಕ್ಕನೆ ತೆಗೆದೆ.

“ಹಲೋ, ಟ್ರಾವೆಲ್ಸಾ? ಮೂಡಿಗೆರೆ ಕಡೆ ಕಾಫಿ ಹೂ ಬಂದಿದ್ಯಾ?” ಯಾರೋ ಗಂಡಸಿನ ದನಿ.

“ಭಾಗಮ್ಮ ಅಂತ ನನ್ ಹೆಸ್ರು,” ಎಂದೆ. “ಮೂಡಿಗೆರೆ ಬಸ್ಸು ಇನ್ನೂ ಬಂದಿಲ್ಲ. ಬಂದ್ಮೇಲೆ ಕೇಳಿ ಹೇಳ್ತೀನಿ.”