ಅತ್ತೆಯ ಕುರ್ಚಿಯ ಬಣ್ಣ

ಆ ಬೆಳಿಗ್ಗೆ ಚಾಮುಂಡಿ ಬೆಟ್ಟವೇ ಕಾಣಲಿಲ್ಲ. ಆಷಾಢದ ಜಿಟಿಜಿಟಿ ಮೂರು ದಿನದಿಂದ ಹಿಡಿದದ್ದು ಬಿಟ್ಟಿರಲಿಲ್ಲ. ಅಗ್ರಹಾರದ ಹೆಂಚುಗಳ ಮೇಲೆ ಮಂಜು ಒದ್ದೆ ಪಂಚೆಯ ಹಾಗೆ ಬಿದ್ದುಕೊಂಡಿತ್ತು. ಪಾಲಿಶ್ ಕೆಲಸದ ಜವರಯ್ಯ ತಾಯಿ ಇರುವ ದಿಕ್ಕಿಗೆ ಅಂದಾಜಿನ ಮೇಲೆ ಕೈಮುಗಿದು, ಮಳಿಗೆಯ ಹಲಗೆ ತೆಗೆದು, ಒಳಗೆ ಬಗ್ಗಿ ನೋಡಿದವನೇ "ಅಯ್ಯೋ ಶಿವನೇ" ಎಂದ. ಹೊಸ ಕುರ್ಚಿಯ ತೋಳುಗಳೆರಡೂ ಬಿಳಿಚಿಕೊಂಡಿದ್ದವು, ಯಾರೋ ವಿಭೂತಿ ನೀರು ಚಿಮುಕಿಸಿ ಹೋದ ಹಾಗೆ.

ಹೆಂಡತಿ ದೇವಿರಮ್ಮ ಕೆಂಡದ ಅಗ್ಗಿಷ್ಟಿಕೆ ತಂದಿಟ್ಟಳು. "ಥಂಡಿಗೆ ಅರಗಿನ ಪಾಲಿಶು ಅಂಗೇ ಆಯ್ತದೆ ಅಂತ ನೀವೇ ಯೋಳ್ತಿದ್ರಿ. ಒಸಿ ಶಾಖ ತಾಕುದ್ರೆ ಸರೋಯ್ತದೆ. ಮನೆ ಮಗೀಗೆ ಜರ ಬಂದಂಗೆ ಆಡ್ತೀರಲ್ಲ!"

"ಇವತ್ತು ಒಪ್ಪಿಸ್ತೀನಿ ಅಂದಿವ್ನಿ ಕಣೆ. ಎರಡು ಮನೆಗೂ."

ಎರಡು ಮನೆ ಎಂದರೆ ಒಂದು ಕಾಲಕ್ಕೆ ಒಂದೇ ಮನೆ. ಕನ್ನಡ ನಾಡು ಒಂದಾದ ವರ್ಷವೇ ಆ ಅಣ್ಣತಮ್ಮಂದಿರು ಬೇರೆಯಾಗಿ, ನಡುವೆ ಗೋಡೆ ಎದ್ದಿತ್ತು. ಚೀಟಿ ಎತ್ತಿದಾಗ ತೇಗದ ಮೇಜು, ನಾಲ್ಕು ಕುರ್ಚಿ ತಮ್ಮನಿಗೆ ಬಂದವು. ಅದೇ ಜೊತೆಗೆ ಸೇರಿದ ತೋಳಿನ ಕುರ್ಚಿ, ತೀರಿಹೋದ ತಾಯಿ ಕೂರುತ್ತಿದ್ದದ್ದು, ಅಣ್ಣನಿಗೆ ಹೋಯಿತು. ಎರಡು ವರ್ಷದಿಂದ ಓರಗಿತ್ತಿಯರಲ್ಲಿ ಮಾತಿಲ್ಲ. ಈಗ ತಮ್ಮನ ಹೆಂಡತಿ ಅಂಬುಜಾ, ತನ್ನ ಜೊತೆ ಪೂರ್ತಿಯಾಗಲಿ ಎಂದು ಬಡಗಿಯಿಂದ ಅಂಥದೇ ತೋಳಿನ ಕುರ್ಚಿ ಮಾಡಿಸಿ, ಬಣ್ಣಕ್ಕೆ ಜವರಯ್ಯನನ್ನು ಕರೆಸಿದ್ದಳು. ಮಾದರಿಗೆ ಹಳೆಯದೇ ಬೇಕಾಯಿತು. ಅಣ್ಣನ ಹೆಂಡತಿ ಸುಂದರಮ್ಮನ ಬಾಗಿಲಲ್ಲಿ ಹೋಗಿ ನಿಂತವನು ಅವನೇ.

"ಅವಳು ಕೇಳಿದ್ರೆ ಕೊಡ್ತಿರ್ಲಿಲ್ಲ. ನಿನ್ನ ಮಾತಿನ ಮೇಲೆ ಕೊಡ್ತಿದ್ದೀನಿ ಕಣಯ್ಯ. ಎಂಟು ದಿನ, ಆಮೇಲೆ ಇದು ಇಲ್ಲಿರ್ಬೇಕು."

"ತಾಯಿ ಚಾಮುಂಡಿ ಆಣೆ, ತಂದಿಕ್ತೀನಿ ಅಮ್ಮಾವ್ರೇ."

ಆ ಎಂಟು ದಿನ ಜವರಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಸ ತೇಗ ಸುಲಿದ ಬಾಳೆಹಣ್ಣಿನಷ್ಟು ಎಳಸು. ಹಳೆಯ ಬಣ್ಣ ಬರಲೆಂದು ಸುಣ್ಣದ ತಿಳಿ ಕೊಟ್ಟ, ಕಾವಿ ಕೊಟ್ಟ, ಗಟ್ಟಿ ಟೀ ಕಷಾಯ ಕೊಟ್ಟ. ಮಳಿಗೆಯೊಳಗೆ ಸರಿಯೆನಿಸಿದ್ದು ಬಾಗಿಲಿಗೆ ತಂದರೆ ಕೆಂಪು ಹೊಡೆಯುತ್ತಿತ್ತು. ಒರೆಸಿ ಮತ್ತೆ ಮೊದಲಿಂದ. ಹಳೆಯದಕ್ಕೆ ತಾನೆ ಒಂದೇ ಬಣ್ಣವೇ? ನಲವತ್ತು ವರ್ಷ ಅಂಗೈ ಸವರಿದ ಬಲತೋಳಿನ ತುದಿ ಜೋನಿಬೆಲ್ಲದ ಬಣ್ಣ, ಎಡದ್ದು ಅದಕ್ಕಿಂತ ತಿಳಿ, ತಲೆ ಆನುವಲ್ಲಿ ಹರಳೆಣ್ಣೆಯ ಕಲೆ. ನಡುವೆ ಒಮ್ಮೆ ಬಂದು ನೋಡಿದ ಅಂಬುಜಾ, "ಒಂದೊಂದು ಕಲೇನೂ ಬರ್ಬೇಕು ಜವರಯ್ಯ. ಆ ಮನೆ ಅಕ್ಕನೇ ನೋಡಿದ್ರೂ ಗೊತ್ತಾಗ್ಬಾರ್ದು" ಎಂದಿದ್ದಳು. ಅವನಿಗೆ ಅದು ಹೊಗಳಿಕೆಯಾಗಿ ಕೇಳಿಸಿತ್ತು. ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ತೇಯ್ದು ಆ ಕಲೆಯನ್ನೂ ಬರಿಸಿದ್ದ.

ಅಗ್ಗಿಷ್ಟಿಕೆಯ ಶಾಖಕ್ಕೆ ತೋಳುಗಳ ಬಿಳುಪು ಹೋಯಿತು. ಎರಡನ್ನೂ ಗೋಣಿ ಹೊದಿಸಿ ಕೈಗಾಡಿಯಲ್ಲಿ ತಂದು ಅಂಬುಜಾಳ ಹಜಾರದಲ್ಲಿ ಇಳಿಸಿದ. ಆಕೆ ಸುತ್ತ ಎರಡು ಸಲ ಬಂದಳು. ಬಗ್ಗಿ ಅಡಿ ನೋಡಿದಳು. ಆಮೇಲೆ ಹಳೆಯದರ ಮೇಲೆ ಕೈಯಿಟ್ಟು, "ಇದು ಇಲ್ಲಿರ್ಲಿ. ಅದನ್ನ ಅಕ್ಕನ ಮನೆಗೆ ಕೊಟ್ಬಿಡಿ" ಎಂದಳು.

"ತಪ್ಪು ನೋಡ್ಕಂಡ್ರಿ ಅಮ್ಮಾವ್ರೇ, ಅದು ಅಳೇದು."

"ಗೊತ್ತು." ಆಕೆಯ ದನಿ ಏರಲಿಲ್ಲ. "ಅತ್ತೆ ಕೈಲಾಗದೆ ಕೂತ ಮೇಲೆ ಎತ್ತಿ ಇಳಿಸಿದವಳು ನಾನು. ಕೊನೇ ಗುಟುಕು ನೀರು ಈ ಕುರ್ಚಿಲೇ ಕುಡಿಸ್ದೆ. ಆಗ ಅಕ್ಕ ತೌರಲ್ಲಿದ್ರು. ಚೀಟಿಗೆ ಇದೆಲ್ಲ ಏನು ಗೊತ್ತು ಹೇಳಿ?"

ಜವರಯ್ಯ ಆಕೆಯ ಮುಖ ನೋಡಿದ. ಸುಳ್ಳು ಹೇಳುವವರ ಕಣ್ಣು ಅದಲ್ಲ. ಆದರೆ ಆಣೆ? ಹೊಸದನ್ನು ಹೊತ್ತು ಆಚೆ ಬಂದ. ಪಕ್ಕದ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಬೆಟ್ಟದ ಮೆಟ್ಟಿಲು ಹತ್ತಿದವನ ಹಾಗೆ ಏದುಸಿರು ಬಿಟ್ಟ.

ಸುಂದರಮ್ಮ ಕುರ್ಚಿಯನ್ನು ಅದರ ಜಾಗಕ್ಕೆ ಎಳೆಸಿ, ಬಲತೋಳನ್ನು ಅಂಗೈಯಿಂದ ಸವರಿದರು. "ಇಲ್ಲೇ ಕಣಯ್ಯ ಅತ್ತೆ ಕೈ ಇಡ್ತಿದ್ದದ್ದು. ನಮ್ಮಪ್ಪ ಹೋದ್ರು ಅಂತ ತೌರಿಗೆ ಹೋದೆ. ಬರೋದ್ರೊಳಗೆ ಅತ್ತೇನೂ ಹೋಗಿದ್ರು. ಕೊನೇಗೆ ಮುಖ ನೋಡೋಕೂ ಸಿಗ್ಲಿಲ್ಲ. ದಿನಾ ಇದಕ್ಕೊಂದು ಹೂವಿಟ್ಟು ತಪ್ಪಾಯ್ತು ಅಂತೀನಿ. ಎಂಟು ದಿನದಿಂದ ಅದೂ ಇರ್ಲಿಲ್ಲ." ದಾಸವಾಳವೊಂದನ್ನು ತೋಳಿನ ಮೇಲಿಟ್ಟು ಕಣ್ಣುಮುಚ್ಚಿದರು. "ಚೆನ್ನಾಗಿ ನೋಡ್ಕೊಂಡಿದ್ದೀಯ, ಸ್ವಲ್ಪಾನೂ ತರಚಿಲ್ಲ."

ಅಷ್ಟು ಒಳ್ಳೆಯ ಕೆಲಸವನ್ನು ಜವರಯ್ಯ ಹಿಂದೆಂದೂ ಮಾಡಿರಲಿಲ್ಲ. ಕಣ್ಣೆತ್ತಿ ಅದನ್ನು ನೋಡಲು ಆಗಲಿಲ್ಲ. ಸುಂದರಮ್ಮ ಪೂಜೆಗೆಂದು ಒಳಗೆ ಹೋದದ್ದೇ ಅವನು ಅಂಬುಜಾಳ ಬಾಗಿಲಿಗೆ ಬಂದ.

"ಏನಂದ್ರು? ಗೊತ್ತಾಯ್ತಾ?"

"ಇಲ್ಲ ಅಮ್ಮಾವ್ರೇ. ಊವ ಇಟ್ರು."

"ಹೂವಾ?"

"ನಾ ಮೊನ್ನೆ ಬಳುದ್ನಲ್ಲ ಬಣ್ಣ, ಅದುಕ್ಕೆ. ಕಡೇಲಿ ಅತ್ತೆ ಮುಖ ಸಿಗ್ನಿಲ್ಲ, ತಪ್ಪಾಯ್ತು ಅಂತ ದಿನಾ ಇಡ್ತಾರಂತೆ. ಅಪ್ಪ ಸತ್ತಿದ್ರಂತೆ ಆವಾಗ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ನಿಮ್ದೂ ದಿಟವೇ ಅಮ್ಮಾವ್ರೇ. ಆದ್ರೆ ನಾನು ತಾಯಿ ಮೇಲೆ ಆಣೆ ಇಕ್ಬುಟ್ಟಿವ್ನಿ. ಇವತ್ತು ಅನ್ನ ಇಳಿಯಾಕಿಲ್ಲ ನಂಗೆ."

ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಬುಜಾ ಸೆರಗು ಸಿಕ್ಕಿಸಿ, ಹಳೆಯ ಕುರ್ಚಿಯನ್ನು ಎರಡೂ ತೋಳು ಹಿಡಿದು ಎತ್ತಿದಳು.

"ಬುಡಿ, ನಾನು ಒತ್ಕತೀನಿ."

"ಬೇಡ."

ಎರಡು ವರ್ಷದಿಂದ ತುಳಿಯದ ಅಕ್ಕನ ಮನೆಯ ಹೊಸಿಲನ್ನು ಅವಳು ಕುರ್ಚಿ ತಗುಲದಂತೆ ಓರೆಯಾಗಿ ದಾಟಿದಳು. ಜವರಯ್ಯ ಹೊರಗೇ ನಿಂತ. ದೇವರ ಮನೆಯಲ್ಲಿ ಗಂಟೆ ಆಡುತ್ತಿತ್ತು. ಅಂಬುಜಾ ಹೊಸದನ್ನು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಹಳೆಯದನ್ನಿಟ್ಟು, ಕಾಲು ಅಲುಗದ ಹಾಗೆ ನೋಡಿಕೊಂಡಳು. ಗಂಟೆ ನಿಂತಿತು.

"ಯಾರದು?"

"ನಾನು, ಅಕ್ಕಾ."

ಒಳಗಿನಿಂದ ಹೆಜ್ಜೆ ಸಪ್ಪಳ ಹತ್ತಿರವಾಯಿತು. ಅಂಬುಜಾ ಹಳೆಯ ಕುರ್ಚಿಯ ತೋಳಿನಿಂದ ಕೈ ತೆಗೆದಳು.