ಒಬ್ಬಳೇ ಇದ್ದ ತರಗತಿ

ಕೆಮಿಕಲ್ ಎಂಜಿನಿಯರಿಂಗಿನಲ್ಲಿ ಬೇರ್ಪಡಿಸುವ ವಿಧಾನಗಳು ಎಂಬ ಐಚ್ಛಿಕ ವಿಷಯಕ್ಕೆ ಮೊದಲು ಹೆಸರು ಕೊಟ್ಟವರು ನಾಲ್ಕು ಜನ. ಲೆಕ್ಕಗಳು ಕಬ್ಬಿಣದ ಕಡಲೆ ಎಂದು ಮೂವರು ಮೊದಲ ವಾರವೇ ಬೇರೆ ವಿಷಯಕ್ಕೆ ಜಾರಿಕೊಂಡರು. ಉಳಿದವಳು ಅವಳೊಬ್ಬಳೇ. ಅರವತ್ತು ಜನ ಕೂರುವ ಕೋಣೆಯಲ್ಲಿ ಅವಳದು ಎರಡನೇ ಬೆಂಚು. ನಿವೃತ್ತಿಗೆ ಆರು ತಿಂಗಳಿದ್ದ ಮೇಷ್ಟ್ರು ಮಾತ್ರ ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಮಾಡುತ್ತಿದ್ದರು. ಹಾಜರಿಯನ್ನೂ ತಪ್ಪದೆ ಕರೆಯುತ್ತಿದ್ದರು. ಅವಳು ಎದ್ದು ನಿಂತು, "ಬಂದಿದ್ದೀನಿ ಸರ್" ಎನ್ನುತ್ತಿದ್ದಳು.

ಹಾಸ್ಟೆಲಿನಲ್ಲೂ ಅವಳದು ಒಂಟಿ ಕೋಣೆ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಿಂದ ಹೊರಡುತ್ತಿದ್ದ ಮಾತು ಅದೊಂದೇ.

ಒಮ್ಮೆ ಜ್ವರ ಬಂದು ಮಲಗಿದ್ದವಳು ಮನಸ್ಸು ತಡೆಯದೆ ಅರ್ಧ ಗಂಟೆ ತಡವಾಗಿ ಎದ್ದು ಬಂದಳು. ಬಾಗಿಲಲ್ಲೇ ನಿಂತಳು. ಒಳಗೆ ಮೇಷ್ಟ್ರು ಖಾಲಿ ಬೆಂಚುಗಳಿಗೆ ಪಾಠ ಹೇಳುತ್ತಿದ್ದರು.

"ಕಾಯಿಸಿದಾಗ ಬೇಗ ಆವಿಯಾಗೋದು ಮೇಲೆ ಹೋಗತ್ತೆ, ನಿಧಾನದ್ದು ಕೆಳಗೆ ಉಳಿಯತ್ತೆ. ಆದ್ರೆ ಒಂದೇ ತಟ್ಟೇಲಿ ಪೂರ್ತಿ ಬೇರೆ ಆಗಲ್ಲ. ಬಟ್ಟಿ ಇಳಿಸೋ ಗೋಪುರದ ಉದ್ದಕ್ಕೂ ಒಂದರ ಮೇಲೊಂದು ತಟ್ಟೆ ಬೇಕು. ಅರ್ಥ ಆಯ್ತಾ?"

ಕೇಳಿ, ಉತ್ತರಕ್ಕೆ ಕಾಯುವವರಂತೆ ಕೊನೆಯ ಬೆಂಚಿನತ್ತ ನೋಡಿದರು.

"ಆಗ್ಲಿಲ್ಲ ಸರ್," ಎಂದಳು ಅವಳು ಬಾಗಿಲಿಂದಲೇ.

ಮೇಷ್ಟ್ರು ಬೆಚ್ಚಿಬಿದ್ದರು. ಮುಖ ಕಿವಿಯವರೆಗೂ ಕೆಂಪಾಯಿತು. "ನೀನು ಬರಲ್ಲ ಅಂದ್ಕೊಂಡೆ ಕಣಮ್ಮ. ನನ್ನ ಹೆಂಡತಿ ತೀರ್ಕೊಂಡ ಮೇಲೆ ಮನೇಲಿ ಮಾತಾಡೋರು ಯಾರೂ ಇಲ್ಲ. ಇಲ್ಲಿ ಬೆಲ್ ಹೊಡೆದ್ರೆ ನಾಲಿಗೆ ಸುಮ್ನಿರಲ್ಲ."

ಅವಳು ಒಳಗೆ ಬಂದು ಎರಡನೇ ಬೆಂಚಿನಲ್ಲಿ ಕೂತಳು. ಪುಸ್ತಕ ಬಿಚ್ಚಿದಳು. "ಎಷ್ಟು ತಟ್ಟೆ ಬೇಕು ಅಂತ ಹೇಗೆ ಗೊತ್ತಾಗತ್ತೆ ಸರ್?"

ಅವರು ಹಲಗೆ ಒರೆಸಿ ಎರಡು ಗೆರೆ ಎಳೆದು, ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟರು. ಗೆರೆಗಳ ನಡುವೆ ಅವಳು ತಟ್ಟೆಗೊಂದರಂತೆ ಮೆಟ್ಟಿಲು ಬರೆಯುತ್ತ ಇಳಿದು ಬಂದಳು. ಏಳು ಎಂದಳು.

"ಇನ್ನೊಂದ್ಸಲ ಎಣಿಸು. ಅವಸರದ ಗಿರಾಕಿ ನೀನು!"

ಎಂಟಿದ್ದವು. ಆ ವರ್ಷ ಅವಳು ಕಾಲೇಜಿನಲ್ಲಿ ಬಾಯಿ ತುಂಬ ನಕ್ಕದ್ದು ಅಂದೇ ಮೊದಲು.

ಪರೀಕ್ಷೆಯನ್ನೂ ಒಬ್ಬಳೇ ಬರೆದಳು. ಫಲಿತಾಂಶ ಬರುವಷ್ಟರಲ್ಲಿ ಮೇಷ್ಟ್ರು ನಿವೃತ್ತರಾಗಿದ್ದರು, ಕಾಲೇಜಿನವರು ಆ ವಿಷಯವನ್ನೂ ಪಟ್ಟಿಯಿಂದ ತೆಗೆದಿದ್ದರು. ಕಚೇರಿಯಲ್ಲಿ ನಂಬರು ಕೇಳಿ ಪಡೆದು ಅವಳು ಫೋನ್ ಮಾಡಿದಳು.

"ಎಂಬತ್ತೊಂದು ಬಂತು ಸರ್."

"ಭೇಷ್! ಕ್ಲಾಸಿಗೇ ಮೊದಲು."

"ಕೊನೆಯೂ ನಾನೇ ಸರ್."

ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.