ನಿಂತಾಗ ಬೀಳುವ ಭಾವ

ಬೈಕು ಓಡುವಾಗ ನನ್ನ ಭಾವ ಬಿದ್ದದ್ದನ್ನು ನಾನು ಕಂಡಿಲ್ಲ. ಅವರು ಬೀಳುವುದೇನಿದ್ದರೂ ನಿಂತಾಗ. ಮಣ್ಣುದಿಬ್ಬಗಳ ಏರಿಳಿತಗಳನ್ನೆಲ್ಲ ದಾಟಿ, ಜಲ್ಲಿಯ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೂ ಲೆಕ್ಕಿಸದೆ, ಧೂಳಿನ ಮೋಡದೊಳಗಿಂದ ಸುಖರೂಪವಾಗಿ ಹೊರಬಂದು, ನೋಡುತ್ತಿರುವ ನಾವು 'ಸದ್ಯ, ಮುಗಿಯಿತು' ಎಂದು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಬೈಕು ನಿಲ್ಲಿಸುತ್ತಾರೆ. ಎಡಗಾಲು ನೆಲವನ್ನು ಹುಡುಕುತ್ತದೆ. ನೆಲ ಇನ್ನೂ ನಾಲ್ಕು ಬೆರಳು ಕೆಳಗಿರುತ್ತದೆ. ಆಮೇಲೆ ಬೈಕೂ ಭಾವನೂ ಒಬ್ಬರನ್ನೊಬ್ಬರು ಬಿಟ್ಟುಕೊಡದೆ, ಬಹಳ ನಿಧಾನವಾಗಿ, ಮಧ್ಯಾಹ್ನದ ನಿದ್ದೆಗೆ ಒರಗುವ ದಂಪತಿಗಳಂತೆ ಎಡಕ್ಕೆ ವಾಲಿ ಮಲಗುತ್ತಾರೆ. ಎಬ್ಬಿಸಲು ಓಡಿಹೋದರೆ, "ವಿಷಯ ಅದಲ್ಲ ಕಣಯ್ಯ. ಸ್ವಲ್ಪ ಬೇಗ ಇಳಿದೆ, ಅಷ್ಟೇ" ಎನ್ನುತ್ತಾರೆ. 'ಬಿದ್ದೆ' ಎಂಬ ಮಾತು ಅವರ ಬಾಯಿಂದ ಬರುವುದನ್ನು ಬಹುಕಾಲ ನಾನು ಕೇಳಿರಲಿಲ್ಲ.

'ವಿಷಯ ಅದಲ್ಲ' ಎಂಬುದು ಅವರ ಎಲ್ಲ ವಾಕ್ಯಗಳ ಹೆಬ್ಬಾಗಿಲು. ಊಟ ಆಯಿತೇ ಎಂದು ಕೇಳಿದರೂ ಮೊದಲು ವಿಷಯ ಅದಲ್ಲ, ಆಮೇಲೆ ಆಯಿತು. ವಿಷಯ ಯಾವುದು ಎಂಬುದನ್ನು ಮಾತ್ರ ಅವರು ಈವರೆಗೆ ಯಾರಿಗೂ ಹೇಳಿದಂತಿಲ್ಲ.

ವಯಸ್ಸು ಎಪ್ಪತ್ತರ ಆಸುಪಾಸು. ನಿವೃತ್ತರಾಗುವವರೆಗೂ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದವರು. ಜೀವಮಾನವಿಡೀ ಲಿಫ್ಟುಗಳ ನಡುವೆಯೇ ಇದ್ದ ಮನುಷ್ಯನ ಮೊಣಕಾಲು ಸವೆದದ್ದು ಹೇಗೆಂದು ಒಮ್ಮೆ ಕೇಳಿದ್ದೆ. ನನ್ನ ಬುದ್ಧಿಮಟ್ಟದ ಬಗ್ಗೆ ಮರುಕಪಡುತ್ತ, "ಕೆಟ್ಟ ಲಿಫ್ಟಿಗೆ ತಾನೇ ನನ್ನನ್ನ ಕರೆಯೋದು? ಮೇಲಿನ ಮಹಡಿಗೆ ಮತ್ತೆ ಹ್ಯಾಗೆ ಹೋಗ್ಲಿ, ಹಾರ್ಕೊಂಡಾ?" ಎಂದರು. ಈಗ ಅವರು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಾರೆ; ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು, ದೊಡ್ಡವರ ಸನ್ನಿಧಿಗೆ ಬೆನ್ನು ತೋರಿಸಬಾರದೆಂಬ ಗೌರವದಿಂದ ಹಿಂದೆ ಸರಿಯುವವರಂತೆ. ಆದರೆ ಅಂಥ ನೋವಿನಲ್ಲೂ ಯಾವುದೇ ಕಟ್ಟಡದ ಲಿಫ್ಟಿನಿಂದ ಹೊರಬರುವಾಗ ಬೂಟಿನ ತುದಿಯಿಂದ ಹೊಸ್ತಿಲನ್ನೊಮ್ಮೆ ಸವರದೆ ಬಂದವರಲ್ಲ. ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದು ನಿಲ್ಲಬೇಕು, ಮುದುಕಿಯೊಬ್ಬಳು ಎಡವಬಾರದು, ಎಂಬುದು ಅವರು ತಮ್ಮ ಕಸುಬಿನಿಂದ ಕಲಿತ ಏಕೈಕ ಧರ್ಮಸೂತ್ರ.

ಇಂಥ ಕುಂಟುನಡಿಗೆಯ ಮನುಷ್ಯನನ್ನು ಬೈಕಿನ ಮೇಲೆ ನೋಡಬೇಕು. ಅದು ರಸ್ತೆಯ ಬೈಕಲ್ಲ. ಕಲ್ಲುಮಣ್ಣಿನ ಮೇಲೆ ಹಾರಿಸಲೆಂದೇ ಮಾಡಿದ, ಕುದುರೆಯಷ್ಟು ಎತ್ತರದ, ಕನ್ನಡಿಯೂ ಇಲ್ಲದ, ದೀಪವೂ ಇಲ್ಲದ ಬಡಕಲು ಯಂತ್ರ. ಹತ್ತುವಾಗ ಬಲಗಾಲು ತಾನಾಗಿ ಮೇಲೇಳುವುದಿಲ್ಲ. ಪ್ಯಾಂಟಿನ ಮಂಡಿಯನ್ನು ಕೈಯಿಂದ ಹಿಡಿದೆತ್ತಿ, ಬೇರೆ ಯಾರದೋ ಸಾಮಾನನ್ನು ಸಾಗಿಸುವಂತೆ ಸೀಟಿನ ಆಚೆಗೆ ದಾಟಿಸುತ್ತಾರೆ. ಮೈಮೇಲೆ ಬಣ್ಣ ಯಾವುದಿತ್ತೆಂದು ಈಗ ಯಾರೂ ಹೇಳಲಾರದ ದಪ್ಪ ಕ್ಯಾನ್ವಾಸಿನ ಕೋಟು. ಎರಡೂ ಮೊಣಕೈಗಳಲ್ಲಿ ತೇಪೆ, ತೇಪೆಯ ಮೇಲೆ ಇನ್ನೊಂದು ತೇಪೆ. ಇಷ್ಟೆಲ್ಲ ಆಗಿ ಬೈಕು ಹೊರಟಿತೆಂದರೆ ಅವರು ಸೀಟು ಬಿಟ್ಟು, ಕಾಲಿಡುವ ಕಂಬಿಗಳ ಮೇಲೆ ಎದ್ದು ನಿಲ್ಲುತ್ತಾರೆ. ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಭುಜ ಅರಳುತ್ತದೆ, ಸ್ವಲ್ಪ ಹೊತ್ತಿಗೆ ಮುಂಚೆ ಮೆಟ್ಟಿಲ ಹತ್ತಿರ ನರಳಿದ ವ್ಯಕ್ತಿ ಇವರೇ ಎಂದು ಆಣೆಯಿಟ್ಟು ಹೇಳಿದರೂ ನಂಬುವವರಿಲ್ಲ. ಆ ನಿಲುವನ್ನು ಕಂಡಾಗಲೆಲ್ಲ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ನನಗೋ ಸೈಕಲ್ಲೆಂದರೂ ಜೀವಭಯ. ಆದರೆ ನನ್ನಲ್ಲೊಂದು ಹಳೆಯ ವ್ಯಾನಿದೆ. ಆದ್ದರಿಂದ ಭಾನುವಾರಗಳಂದು ಬೈಕನ್ನು ಅದಕ್ಕೇರಿಸಿಕೊಂಡು, ಊರಾಚೆ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದಿನ ದಿಬ್ಬಗಳಿಗೆ ಭಾವನನ್ನು ಕರೆದೊಯ್ಯುವ ಸಾರಥ್ಯ ನನ್ನ ಪಾಲಿಗೆ ಬಂದಿದೆ. ಅಲ್ಲಿಗೆ ಬರುವ ಹುಡುಗರು ಇವರನ್ನು 'ಲಿಫ್ಟ್ ಅಂಕಲ್' ಎಂದು ಕರೆದು, ದಾರಿ ಬಿಟ್ಟು ನಿಲ್ಲುತ್ತಾರೆ. ನಿಲ್ಲಿಸುವಾಗ ನಾನು ಬಂದು ಹಿಡಿದುಕೊಳ್ಳಲೇ ಎಂದು ಕೇಳಿದ್ದಕ್ಕೆ ಮಾತ್ರ, "ನಾನೇನು ಮಗುವೇನಯ್ಯ?" ಎಂದು ಇಡೀ ದಿನ ಮುಖ ಊದಿಸಿಕೊಂಡಿದ್ದರು.

ನನ್ನ ಅಕ್ಕ ಒಂದು ದಿನವೂ ಅಲ್ಲಿಗೆ ಬಂದವಳಲ್ಲ. ಮದುವೆಯಾದ ಹೊಸತರಲ್ಲಿ ಭಾವ ಹೆಗಲ ಮೂಳೆ ಮುರಿದುಕೊಂಡು ಬಂದಾಗ ಅವರಿಬ್ಬರ ನಡುವೆ ಒಂದು ಒಪ್ಪಂದವಾಯಿತು: ಅವರು ಬೈಕನ್ನು ತೊರೆಯುವುದಿಲ್ಲ, ಅವಳು ನೋಡುವುದಿಲ್ಲ. ಅಕ್ಕ ಸೋಫಾಗಳಿಗೂ ವಾಹನಗಳ ಸೀಟುಗಳಿಗೂ ಹೊದಿಕೆ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಭಾರಿ ಹೊಲಿಗೆಯಂತ್ರ, ಗೋಡೆಗೊರಗಿದ ರೆಕ್ಸಿನ್ ಸುರುಳಿಗಳು, ಎಡಗಾಲಿಡಲು ಒಂದು ಗಟ್ಟಿಮುಟ್ಟಾದ ಮರದ ಕಾಲುಮಣೆ. ಕೋಟಿನ ತೇಪೆಗಳೆಲ್ಲ ಅವಳವೇ. ಹರಿದದ್ದು ಹೇಗೆಂದು ಕೇಳುವುದಿಲ್ಲ; ಹೊಲಿದು ಮೊಳೆಗೆ ತಗುಲಿಹಾಕುತ್ತಾಳೆ.

ಹೀಗಿರುವಾಗ ಮೂಳೆ ಡಾಕ್ಟರು ಭಾವನನ್ನು ಗೋಡೆಗೆ ನಿಲ್ಲಿಸಿ ಅಳೆದು, ವಯಸ್ಸಿನ ಜೊತೆ ಬೆನ್ನುಮೂಳೆ ಕುಗ್ಗಿ ಎತ್ತರ ಕಡಿಮೆಯಾಗಿದೆ ಎಂದುಬಿಟ್ಟರು. ಭಾವ ಮರುದಿನವೇ ತಮ್ಮ ಟೇಪನ್ನು ಕೊಂಡೊಯ್ದು, ಆಸ್ಪತ್ರೆಯ ಗೋಡೆಯ ಅಳತೆಪಟ್ಟಿಯನ್ನೇ ಅಳೆದರು. ದುರದೃಷ್ಟಕ್ಕೆ ಅದು ಸರಿಯಾಗಿಯೇ ಇತ್ತು. ಸೊಂಟದ ಮೂಳೆ ಟೊಳ್ಳಾಗಿದೆ, ಗಟ್ಟಿಯಾಗಿ ಒಂದು ಸಲ ಬಿದ್ದರೆ ಮತ್ತೆ ನಡೆಯುವುದು ಕಷ್ಟ ಎಂದೂ ಡಾಕ್ಟರು ಹೇಳಿದ್ದರು. ಮನೆಗೆ ಬಂದು ಅಕ್ಕನ ಎದುರು ಭಾವ ಘೋಷಿಸಿದರು: "ವಿಷಯ ಅದಲ್ಲ. ಕಾಲಿಗೆ ನೆಲ ಸಿಗೋವರೆಗೂ ಓಡಿಸ್ತೀನಿ. ಸಿಗದೇ ಹೋದ ದಿನ ಮಾರಿಬಿಡ್ತೀನಿ." ಆಗಲೇ ಸಿಗುತ್ತಿರಲಿಲ್ಲವಾದರೂ ಅವರ ಲೆಕ್ಕದಲ್ಲಿ ಅದು 'ಸ್ವಲ್ಪ ಬೇಗ ಇಳಿಯುವುದು' ಮಾತ್ರ.

ಅಕ್ಕ ಅದೇ ವಾರ ಬೈಕಿನ ಸೀಟಿನ ಹೊದಿಕೆ ಬಿಟ್ಟುಕೊಂಡಿದೆಯೆಂದು ಹೇಳಿ ಅದನ್ನು ಬಿಚ್ಚಿ ಹೊಲಿಯಲು ತೆಗೆದುಕೊಂಡಳು. ಮುಂದಿನ ಭಾನುವಾರ ಭಾವ ಬೈಕು ನಿಲ್ಲಿಸಿದಾಗ ಬೂಟಿನ ತುದಿ ನೆಲಕ್ಕೆ ತಾಗಿತು. ಇನ್ನೊಂದು ಸಲ ಹೊದಿಕೆ ಹೊಲಿಸಿಕೊಂಡ ಮೇಲೆ ಅರ್ಧ ಪಾದವೇ ಊರಿತು. ಭಾವನ ಸಂಭ್ರಮಕ್ಕೆ ಎಣೆಯಿಲ್ಲ. ಬೆಳಿಗ್ಗೆ ಬಾಗಿಲ ಚೌಕಟ್ಟಿಗೆ ಜೋತು ಬೀಳುವ ತಮ್ಮ ವ್ಯಾಯಾಮದಿಂದ ಕಳೆದುಹೋದ ಎತ್ತರ ಮರಳಿ ಬರುತ್ತಿದೆಯೆಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಉಪದೇಶ ಮಾಡತೊಡಗಿದರು. ಪಕ್ಕದ ಮನೆಯ ಅಂಚೆಯಣ್ಣನೂ ಪಾಪ, ಕೆಲವು ದಿನ ಜೋತುಬಿದ್ದ.

ನನಗೆ ನಿಜ ತಿಳಿದದ್ದು ಒಂದು ಮಧ್ಯಾಹ್ನ ಹೇಳದೆ ಕೇಳದೆ ಅಕ್ಕನ ಕೋಣೆಗೆ ನುಗ್ಗಿದಾಗ. ಬೈಕಿನ ಸೀಟು ಚರ್ಮ ಸುಲಿದಂತೆ ಬಿಚ್ಚಿಕೊಂಡು ಅವಳ ಮಡಿಲಲ್ಲಿತ್ತು. ಕೈಯಲ್ಲಿ ಬ್ರೆಡ್ ಕುಯ್ಯುವ ಗರಗಸದ ಚಾಕು, ನೆಲದ ಮೇಲೆ ಹಳದಿ ಸ್ಪಂಜಿನ ತೆಳು ಚೂರುಗಳು. ಅವಳು ಹೆಬ್ಬೆರಳಿನಿಂದ ಸ್ಪಂಜನ್ನು ಒತ್ತಿ ನೋಡಿ ಹಾಗೇ ಕುಳಿತಿದ್ದಳು.

"ತಳ ಸಿಕ್ತು ಕಣೋ. ಇನ್ನು ಕುಯ್ದರೆ ಪ್ಲಾಸ್ಟಿಕ್ ಮೇಲೇ ಕೂರಬೇಕು."

"ಭಾವನಿಗೆ ಹೇಳಿಬಿಡಬಾರದಾ ಅಕ್ಕ?"

"ಏನಂತ ಹೇಳ್ಲಿ? ನೀವು ಬೆಳೀತಿಲ್ಲ, ನಿಮ್ಮ ಸೀಟು ಸವೀತಿದೆ ಅಂತಾನಾ? ಬೈಕು ಹೋಯ್ತು ಅಂದ್ರೆ ಅವರು ಮನೇಲಿ ಕೂತು ನನ್ನ ಬಾಗಿಲು, ಕಿಟಕಿ, ಡಬ್ಬಿ ಎಲ್ಲಕ್ಕೂ ಎಣ್ಣೆ ಬಿಡ್ತಾರೆ. ಅದನ್ನೂ ತಡ್ಕೋಬಹುದು. ಮುಖ ಬಾಡಿಸ್ಕೊಂಡು ಕೂರ್ತಾರಲ್ಲ, ಅದನ್ನ ನೋಡೋಕೆ ಆಗಲ್ಲ ನನಗೆ."

ಹೇಳುತ್ತ ಅವಳು ಚೂರುಗಳನ್ನು ಆಯ್ದು ದಿಂಬಿನ ಚೀಲವೊಂದಕ್ಕೆ ತುಂಬಿದಳು. ಬೈಕಿನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ ನನ್ನ ಅಕ್ಕ ಇವಳೇನಾ ಎಂದು ನೋಡುತ್ತ, ಉಳಿದ ಒಂದೆರಡು ಚೂರುಗಳನ್ನು ನಾನೂ ಹೆಕ್ಕಿಕೊಟ್ಟೆ.

ದೇಹ ಮಾತ್ರ ಸ್ಪಂಜು ಮುಗಿಯಿತೆಂದು ಕುಗ್ಗುವುದನ್ನು ನಿಲ್ಲಿಸುವುದಿಲ್ಲವಲ್ಲ. ಕೆಲವು ತಿಂಗಳ ನಂತರ ದಿಬ್ಬವೊಂದರ ಇಳಿಜಾರಿನಲ್ಲಿ ಭಾವ ಬೈಕು ನಿಲ್ಲಿಸಿದರು. ಎಡಗಾಲು ನೆಲವನ್ನು ಹುಡುಕಿತು, ಸಿಗಲಿಲ್ಲ. ಈ ಸಲ ನಿಧಾನವಾಗಿ ಅಲ್ಲ, ಧೊಪ್ಪೆಂದು. ನಾನು ಓಡಿದೆ. ಬೈಕಿನ ಕೆಳಗೆ ಕಾಲು ಸಿಕ್ಕಿಕೊಂಡು, ಆಕಾಶ ನೋಡುತ್ತ ಮಲಗಿದ್ದರು. ಸೊಂಟ ಉಳಿದಿತ್ತು, ತೊಡೆ ಮಾತ್ರ ಕಪ್ಪುಗಟ್ಟಿತ್ತು. ನಾನು 'ವಿಷಯ ಅದಲ್ಲ' ಎಂಬ ಮಾತಿಗಾಗಿ ಕಾದೆ. ಅದು ಬರಲಿಲ್ಲ.

"ಬಿದ್ದೆ ಕಣಯ್ಯ," ಎಂದರು.

ಮನೆಗೆ ಬಂದು ಕೋಟನ್ನು ತಾವೇ ಮೊಳೆಗೆ ಸಿಕ್ಕಿಸಿ, "ಬೈಕನ್ನ ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡೋಣ" ಎಂದು ಗೋಡೆಗೆ ಹೇಳುವಂತೆ ಹೇಳಿ ಮಲಗಲು ಹೋದರು. ಅಕ್ಕ ಹೊಲಿಗೆ ನಿಲ್ಲಿಸಿ, ಕೋಟನ್ನೂ ನನ್ನನ್ನೂ ಒಂದೊಂದು ಸಲ ನೋಡಿದಳು.

ತೊಡೆಯ ಊತ ಇಳಿದ ಮೇಲಿನ ಭಾನುವಾರ ಅಕ್ಕ ಫೋನು ಮಾಡಿ ವ್ಯಾನು ತರಿಸಿದಳು. ನಾನು ಹೋಗುವಷ್ಟರಲ್ಲಿ ಕಾಲುಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಭಾವ ಬೆಪ್ಪಾಗಿ, "ನೀನು ಎಲ್ಲಿಗೆ?" ಎಂದರು.

"ಸೀಟು ಹೊಲ್ದಿದ್ದೀನಿ. ಹ್ಯಾಗೆ ಓಡತ್ತೆ ಅಂತ ನೋಡ್ಬೇಡ್ವಾ?"

ದಿಬ್ಬಗಳ ಬುಡದಲ್ಲಿ ಸಮತಟ್ಟಾದ ಜಾಗ ಹುಡುಕಿ, ಕಾಲಿನಿಂದ ಜಲ್ಲಿ ಸರಿಸಿ, ಅವಳು ಮಣೆಯನ್ನು ಊರಿದಳು. ಅಲ್ಲಾಡಿಸಿ ನೋಡಿದಳು. "ನಡುವೆ ಎಲ್ಲೂ ನಿಲ್ಲಬೇಡಿ. ಸುತ್ತು ಮುಗಿಸಿ ಇಲ್ಲಿಗೆ ಬನ್ನಿ. ಎಡಗಾಲು ಇದರ ಮೇಲೆ."

"ವಿಷಯ ಅದಲ್ಲ ಕಣೇ," ಭಾವ ತಗ್ಗಿದ ದನಿಯಲ್ಲಿ ಹೇಳಿದರು, "ಹುಡುಗರೆಲ್ಲ ನೋಡ್ತಿದ್ದಾರೆ."

"ನೋಡ್ಲಿ ಬಿಡಿ. ಯಾರೂ ಎಡವಬಾರದು ಅಂತ ಊರಿನ ಲಿಫ್ಟೆಲ್ಲ ನೆಲಕ್ಕೆ ಸರಿಯಾಗಿ ನಿಲ್ಲಿಸ್ತಿದ್ರಲ್ಲ, ಹಾಗೇ ನಿಲ್ಲಿಸಿ."

ಬಲಗಾಲನ್ನು ಕೈಯಿಂದೆತ್ತಿ ದಾಟಿಸಿ ಭಾವ ಹೊರಟರು. ಮೊದಲ ಏರಿನಲ್ಲೇ ಕಂಬಿಗಳ ಮೇಲೆ ಎದ್ದು ನಿಂತರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಕಣ್ಣು ಮುಚ್ಚಲಿಲ್ಲ. ಧೂಳಿನಾಚೆ ಆ ನೆಟ್ಟನೆಯ ಬೆನ್ನು ದಿಬ್ಬದಿಂದ ದಿಬ್ಬಕ್ಕೆ ಏರುತ್ತ ಇಳಿಯುತ್ತ ಹೋಗುವುದನ್ನೇ ನೋಡುತ್ತ ನನ್ನನ್ನು ಕೇಳಿದಳು: "ಇವರು ಇಷ್ಟು ನೆಟ್ಟಗೆ ನಿಲ್ತಾರೇನೋ?"

ಬೈಕು ತಿರುಗಿ ಬಂತು. ವೇಗ ಇಳಿಯಿತು, ಇನ್ನೂ ಇಳಿಯಿತು, ಮಣೆಯ ಪಕ್ಕಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಬಂದು ನಿಂತಿತು. ಬೂಟು ಮಣೆಯ ಮೇಲೆ ಊರಿತು. ಭಾವನ ಎಡಗೈ ಹ್ಯಾಂಡಲ್ ಬಿಟ್ಟು ಒಂದು ಕ್ಷಣ ಗಾಳಿಯಲ್ಲಿ ಅನುಮಾನಿಸಿತು. ಆಮೇಲೆ ಅಕ್ಕನ ಹೆಗಲ ಮೇಲೆ ಕುಳಿತಿತು. ಅವಳು ಅಲುಗಾಡದೆ ಭಾರ ಹೊತ್ತು ನಿಂತಳು. ಬೈಕು ಬೀಳಲಿಲ್ಲ.

"ನಾನು ಇಲ್ಲೇ ನಿಂತಿರ್ತೀನಿ," ಎಂದಳು. "ಇನ್ನೊಂದು ಸುತ್ತು ಹೋಗ್ಬನ್ನಿ."

ಅಂದು ವ್ಯಾನಿಗೆ ಬೈಕು ಏರಿಸುವಾಗ, ಅಕ್ಕ ಮಾತು ಕೇಳಿಸದಷ್ಟು ದೂರವಿರುವುದನ್ನು ಖಚಿತಪಡಿಸಿಕೊಂಡು ಭಾವ ನನ್ನ ಕಿವಿಯಲ್ಲಿ ಹೇಳಿದರು: "ಸೀಟಲ್ಲಿ ಸ್ಪಂಜು ಕಡಿಮೆಯಾಗ್ತಾ ಬಂದಿದ್ದು ಕೂರೋನಿಗೆ ಗೊತ್ತಾಗಲ್ವೇನಯ್ಯ? ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ದಾಳಲ್ಲ, ಅದಕ್ಕೇ ಬಾಗಿಲಿಗೆ ಜೋತುಬೀಳ್ತಿದ್ದೆ."

ಅವರು ಈಗಲೂ ಓಡಿಸುತ್ತಾರೆ. ಕಾಲುಮಣೆಗೆ ವ್ಯಾನಿನಲ್ಲಿ ಕಾಯಂ ಜಾಗವಿದೆ. ಭಾವನಂಥವರನ್ನು ಜಗತ್ತು ಹಠಮಾರಿಗಳೆನ್ನುತ್ತದೆ, ವಯಸ್ಸಿಗೆ ತಕ್ಕ ಬುದ್ಧಿಯಿಲ್ಲದವರೆಂದು ನಗುತ್ತದೆ, ನಾನೂ ನಕ್ಕಿದ್ದೇನೆ. ಹತ್ತಿರದಿಂದ ನೋಡಿದರೆ ಅವರು ವಯಸ್ಸನ್ನು ಒಪ್ಪದವರಲ್ಲ. ಸವೆದ ಮಂಡಿಯ, ಟೊಳ್ಳು ಮೂಳೆಯ ಲೆಕ್ಕ ಅವರಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು. ಎದ್ದು ನಿಲ್ಲಲು ಲೋಕದಲ್ಲಿ ತಮಗೆ ಉಳಿದಿರುವ ಒಂದೇ ಜಾಗವನ್ನು ಬಿಟ್ಟುಕೊಡಲಾರರು, ಅಷ್ಟೇ. ಅವರಿಗೆ ಓಡಿಸುವುದನ್ನು ಯಾರೂ ಕಲಿಸಬೇಕಿಲ್ಲ, ತಡೆಯಬೇಕಾಗಿಯೂ ಇಲ್ಲ. ತಿರುಗಿ ಬಂದು ನಿಲ್ಲುವಾಗ ಹೆಗಲೊಂದು ಅಲ್ಲಿದ್ದರೆ ಸಾಕು. ಅದರ ಮೇಲೆ ಕೈಯಿಡುವುದನ್ನು ಅವರು ತಡವಾಗಿಯಾದರೂ ಕಲಿಯುತ್ತಾರೆ.